ಹಲಗಲಿಯ ಕಾಯಿದೆ ಮತ್ತು ಕೋವಿಯ ನಳಿಗೆ

ಜಮಖಂಡಿ, ಮುಧೋಳ, ಬೀಳಗಿ ಸೀಮೆಯಲ್ಲಿ ಹಲಗಲಿ ಎಂದರೆ ಸಾಕು, ಮುಂದಿನ ಕಥೆಯನ್ನು ಯಾರಿಗೂ ಬಿಡಿಸಿ ಹೇಳಬೇಕಿಲ್ಲ. 1857ರ ನಿಶ್ಶಸ್ತ್ರೀಕರಣ ಕಾಯಿದೆಯಂತೆ ಆಯುಧಗಳನ್ನು ಒಪ್ಪಿಸಲು ಮುಧೋಳ ಸಂಸ್ಥಾನದ ಈ ಊರಿನ ಬೇಡರು ಸಿದ್ಧರಿರಲಿಲ್ಲ. ನವೆಂಬರ್ ಕೊನೆಗೆ ಇಂಗ್ಲಿಷರ ಕುದುರೆ ಪಡೆ ಬಂತು, ಊರಿಗೆ ಬೆಂಕಿ ಬಿತ್ತು, ಡಿಸೆಂಬರಿನಲ್ಲಿ 19 ಜನರನ್ನು ಗಲ್ಲಿಗೇರಿಸಿದರು. ಈ ಕಥೆಯನ್ನು ಉಳಿಸಿದ್ದು ಲಾವಣಿ. ಅದನ್ನು ಸಂಗ್ರಹಿಸಿ ಅಚ್ಚು ಹಾಕಿಸಿದವನು ಅದೇ ಸರ್ಕಾರದ ಅಧಿಕಾರಿ ಜೆ. ಎಫ್. ಫ್ಲೀಟ್ ಎಂಬುದು ಬೇರೆ ಮಾತು.

ಈ ಪ್ರಸಂಗವನ್ನು ಓದುವಾಗ ನಾವು ಕತ್ತಿ, ಭರ್ಚಿ, ಕೋವಿಗಳನ್ನೆಲ್ಲ ‘ಹತಾರ’ ಎಂಬ ಒಂದೇ ಮಾತಿನಲ್ಲಿ ಕಟ್ಟಿ ಮುಂದೆ ಹೋಗುತ್ತೇವೆ. ಕಾಯಿದೆ ಬರೆದವರು ಅಷ್ಟು ಸಡಿಲವಾಗಿರಲಿಲ್ಲ. 1857ರ 28ನೆಯ ಆ ಕಾಯಿದೆಯ ಶೀರ್ಷಿಕೆಯಲ್ಲಿ ಮೊದಲು ಬರುವುದು ಆಯುಧಗಳ ಆಮದು, ತಯಾರಿಕೆ, ಮಾರಾಟ. ಇಟ್ಟುಕೊಳ್ಳುವ ಹಕ್ಕಿನ ಮಾತು ಆಮೇಲೆ. ಅಂದರೆ ಅದರ ಕಣ್ಣು ಬೇಡನ ಹೆಗಲಿನ ಮೇಲಷ್ಟೇ ಅಲ್ಲ, ಕೋವಿ ಮಾಡುವ ಕಂಬಾರನ ಕುಲುಮೆಯ ಮೇಲೂ ಇತ್ತು. ಆ ಕುಲುಮೆಯ ತಿಳಿವಳಿಕೆ ಎಂಥದ್ದು ಎಂಬುದನ್ನು ನಮ್ಮ ಚರಿತ್ರೆಕಾರರು ಅಷ್ಟಾಗಿ ಕೇಳಿಲ್ಲ.

ನಳಿಗೆಯನ್ನು ದಪ್ಪ ಮಾಡಿದರೆ ಹೊತ್ತು ತಿರುಗುವುದು ಕಷ್ಟ. ತೆಳ್ಳಗೆ ಮಾಡಿದರೆ ಗುರಿ ನಿಲ್ಲದು, ಇಲ್ಲವೇ ಕೈಯಲ್ಲೇ ಸಿಡಿಯುತ್ತದೆ. ದಿನವಿಡೀ ಬೇಟೆಗೆ ಅಲೆಯುವವನಿಗೆ ಒಂದು ಸೇರು ಕಡಿಮೆಯಾದರೂ ಲಾಭವೇ. ಒಂದು ಸಲಾಕೆಯ ವ್ಯಾಸವನ್ನು 2 ಪಟ್ಟು ಮಾಡಿದರೆ ತೂಕ 4 ಪಟ್ಟಾಗುತ್ತದೆ, ಬಾಗದೆ ನಿಲ್ಲುವ ಬಿಗಿತ 16 ಪಟ್ಟಾಗುತ್ತದೆ. ಉದ್ದವನ್ನು 2 ಪಟ್ಟು ಮಾಡಿದರೆ ತುದಿಗೆ ತೂಗುಹಾಕಿದ ಅದೇ ಭಾರಕ್ಕೆ 8 ಪಟ್ಟು ಬಾಗುತ್ತದೆ. ಹಾಗಾಗಿ ಕಬ್ಬಿಣವನ್ನು ಎಲ್ಲಿ ಉಳಿಸಬೇಕು, ಎಲ್ಲಿ ತೆಗೆಯಬೇಕು ಎಂಬುದೇ ಕಸುಬು. ಮದ್ದು ಉರಿದಾಗ ಒತ್ತಡ ಹೆಚ್ಚಿರುವುದು ನಳಿಗೆಯ ಬುಡದಲ್ಲಿ. ಗುಂಡು ಮುಂದೆ ಸರಿದಂತೆ ಅದು ಇಳಿಯುತ್ತದೆ. ಅದಕ್ಕೇ ಬುಡ ದಪ್ಪ, ಬಾಯಿಯ ಕಡೆಗೆ ಸಪೂರ. ಬತ್ತಿ ಕೋವಿಗಳ ಉದ್ದನೆಯ ನಳಿಗೆಯನ್ನು ಸಣ್ಣ ಮರದ ದಿಂಡಿಗೆ ತೊಗಲಿನಿಂದಲೋ ತಂತಿಯಿಂದಲೋ ಬಿಗಿಯುತ್ತಿದ್ದರು.

ಇನ್ನೊಂದು ಉಪಾಯ ಬೆಸುಗೆಯಲ್ಲಿತ್ತು. ತಗಡನ್ನು ಮಡಚಿ ಅಂಚಿಗೆ ಅಂಚು ಕೂಡಿಸಿದರೆ ಬೆಸುಗೆಯ ಗೆರೆ ನಳಿಗೆಯುದ್ದಕ್ಕೂ ಓಡುತ್ತದೆ, ಒತ್ತಡ ಬಿದ್ದಾಗ ಅಲ್ಲೇ ಬಾಯಿಬಿಡುತ್ತದೆ. ಹಗ್ಗ ಹೊಸೆದ ಹಾಗೆ ಓರೆಯಾಗಿ ಸುತ್ತಿ ಬೆಸೆದರೆ ಆ ಗೆರೆಯೂ ಸುತ್ತಿಕೊಂಡು ಹೋಗುತ್ತದೆ. ಕಡಿಮೆ ಕಬ್ಬಿಣದಲ್ಲೇ ನಳಿಗೆ ತಾಳಿಕೊಳ್ಳುತ್ತದೆ. ಅಬುಲ್ ಫಜಲ್ ‘ಐನ್-ಇ-ಅಕ್ಬರಿ’ಯಲ್ಲಿ ಇದನ್ನು ವಿವರಿಸಿದ್ದಾನೆ: ಮೊದಲು ಕಾಲು ಭಾಗಕ್ಕಿಂತ ಹೆಚ್ಚು ಮದ್ದು ತುಂಬಲಾಗುತ್ತಿರಲಿಲ್ಲ, ಅಕ್ಬರನ ಕಾಲದ ಈ ಬಗೆಯ ನಳಿಗೆಗಳು ಬಾಯಿತನಕ ತುಂಬಿದರೂ ಒಡೆಯುತ್ತಿರಲಿಲ್ಲ ಎಂದು. ಆಸ್ಥಾನದ ಬರಹಗಾರನ ಹೊಗಳಿಕೆಯನ್ನು ಸ್ವಲ್ಪ ಕಳೆದೇ ಓದಬೇಕು. ವಿಧಾನ ಮಾತ್ರ ನಿಜ. ಇಂದು ತೆಳು ಉಕ್ಕಿನ ನಳಿಗೆಗೆ ಕಾರ್ಬನ್ ನಾರು ಸುತ್ತಿ ತೂಕ ಇಳಿಸುತ್ತಾರೆ. ವಸ್ತು ಹೊಸದು, ಸುತ್ತುವ ಉಪಾಯ ಹಳೆಯದೇ.

ಆ ವರ್ಷಗಳಲ್ಲಿ ಇಂಗ್ಲಿಷರ ಪಡೆಗೆ ಬರುತ್ತಿದ್ದದ್ದು 1853ರ ಮಾದರಿಯ ಎನ್‌ಫೀಲ್ಡ್ ರೈಫಲ್. ಅದರ ತೋಟಾದ ಕೊಬ್ಬಿನ ಬಗ್ಗೆ ಎಲ್ಲರೂ ಬರೆದಿದ್ದಾರೆ. ನಳಿಗೆ 39 ಅಂಗುಲ, ಕೋವಿಯ ಒಟ್ಟು ತೂಕ ಸುಮಾರು 4.3 ಕಿಲೋ. ಅದರ ತೆಳು ನಳಿಗೆಯನ್ನೂ 3 ಪಟ್ಟಿಗಳಿಂದ ಮರಕ್ಕೆ ಬಿಗಿದಿದ್ದರು, ನಮ್ಮ ಬತ್ತಿ ಕೋವಿಯ ಹಾಗೆಯೇ. ಗುಂಡನ್ನು ತಿರುಗಿಸಿ ದೂರಕ್ಕೆ ನೇರ ಕಳಿಸುವ ಒಳಗಿನ ಸುತ್ತುಗೆರೆಗಳು, ಅಮೆರಿಕದಿಂದ ತರಿಸಿದ ಯಂತ್ರಗಳು: ವ್ಯತ್ಯಾಸ ಇದ್ದದ್ದು ಇವುಗಳಲ್ಲಿ. ನಳಿಗೆಯನ್ನು ಹಗುರ ಮಾಡುವ ಬುದ್ಧಿಯಲ್ಲಿ ನಮ್ಮ ಕಂಬಾರ ಹಿಂದೆ ಬಿದ್ದಿರಲಿಲ್ಲ ಎಂದೇ ನನ್ನ ತಿಳಿವಳಿಕೆ. ಯಂತ್ರದ ಎದುರು ಅವನ ಕಸುಬು ಹೇಗೆ ಬದಲಾಗುತ್ತಿತ್ತೋ, ಅದಕ್ಕೆ ಕಾಯಿದೆ ಕಾಲಾವಕಾಶ ಕೊಡಲಿಲ್ಲ.

ಹಲಗಲಿಯಾದ ನಾಲ್ಕು ವರ್ಷಕ್ಕೆ, 1861ರಲ್ಲಿ, ಕಮಿಷನರ್ ಮಾರ್ಕ್ ಕಬ್ಬನ್ ಕೊಡವರನ್ನು ಈ ನಿಶ್ಶಸ್ತ್ರೀಕರಣದಿಂದ ಹೊರಗಿಟ್ಟ. ಕೊಡಗಿನ ಮನೆಗಳಲ್ಲಿ ತೋಕ್ ಇಂದಿಗೂ ಉಳಿದಿರುವುದಕ್ಕೆ ಬೇರು ಅಲ್ಲಿದೆ. ಆ ವಿನಾಯಿತಿ ಕೋವಿ ಇಟ್ಟುಕೊಳ್ಳುವವನಿಗೆ ಸಿಕ್ಕಿತು, ಮಾಡುವವನಿಗಲ್ಲ.