ಜಾತ್ರಿ ಬಿಸಿಲು, ಎಳ್ಳಮಾಸಿ ಥಂಡಿ, ನಮ್ಮ ಗರಗಸ

ಹೋಳಿ ಹುಣ್ಣಿಮಿ ಆಗಿ ಐದನೇ ದಿನಕ್ಕ ನಮ್ಮ ಕಲಬುರಗಿ ಶರಣಬಸವೇಶ್ವರನ ತೇರು. ಮನಿ ತುಂಬ ಬೀಗರು ಬರ್ತಾರ, ಅಂಗಳದಾಗ ಮೂರು ಒಲಿ ಹೂಡ್ತೀವಿ. ದಾಸೋಹಿ ಶರಣರು (1746–1822) ಹಸಿದವರಿಗಿ ಉಣ್ಣಸಿದ ಊರಿದು. ಬಂದವರನ್ನ ಹಾಂಗೇ ಕಳಸಲಾಕ ಆಗ್ತದೇನ್ರಿ? ಅದಕ್ಕ ಕಟಗಿ ಬೇಕು. ಅಪ್ಪ ಕೊಡ್ಲಿ ಹಿಡದು ಜಾಲಿ ಕಡೀತಿದ್ದ. ಅವನ ರಟ್ಟಿ ಸೋತ ಮ್ಯಾಲ ಕಮಲಾಪುರದ ಹೊಲಕ್ಕಂತ ನಾನು ಪೆಟ್ರೋಲ್ ಗರಗಸ ತಂದೆ.

ಈ ಗರಗಸದ ಮೂಲ ಗಿಡ ಕಡಿಯೋದಲ್ಲ. 1780ರ ದಶಕದಾಗ ಸ್ಕಾಟ್ಲೆಂಡಿನ ವೈದ್ಯರಾದ ಜಾನ್ ಐಟ್ಕೆನ್, ಜೇಮ್ಸ್ ಜೆಫ್ರಿ ಎಲುಬು ಕೊಯ್ಲಾಕ ಹಲ್ಲಿನ ಸರಪಳಿ ಮಾಡಿದ್ರು. 1927ರಲ್ಲಿ ಜರ್ಮನಿಯ ಎಮಿಲ್ ಲೆರ್ಪ್ ಪೆಟ್ರೋಲ್ ಎಂಜಿನ್ ಗರಗಸ ಮಾಡಿದ. ಅದನ್ನ ಇಬ್ಬರು ಹಿಡೀಬೇಕಿತ್ತು. ಆ ಕಾಲದ ಕಾರ್ಬೊರೇಟರ್ ಒಳಗ ಪೆಟ್ರೋಲಿನ ಮ್ಯಾಲ ತೇಲೋ ಬುಂಡಿ ಇರ್ತಿತ್ತು, ಅಡ್ಡ ಹಿಡದ್ರ ಎಂಜಿನ್ ಬಂದ್. ಎರಡನೇ ಮಹಾಯುದ್ಧ ಮುಗಿದ ಮ್ಯಾಲ ಬುಂಡಿ ಜಾಗಕ್ಕ ತೆಳ್ಳನ ಪೊರೆ ಬಂತು. ಆಮ್ಯಾಲ ಒಬ್ಬನೇ, ಹ್ಯಾಂಗ ಬೇಕಾದ್ರೂ ಹಿಡದು ಕೊಯ್ಯೋಹಂಗ ಆಯ್ತು.

ಕಾರ್ಬೊರೇಟರಿಗಿ ಮೂರು ಸ್ಕ್ರೂ. 'ಎಲ್' ಸಣ್ಣ ವೇಗಕ್ಕ, 'ಎಚ್' ಜೋರು ವೇಗಕ್ಕ, ಮೂರನೇದು ಸುಮ್ನ ನಿಂತಾಗಿನ ಓಟಕ್ಕ. ಎಲ್, ಎಚ್ ಬಿಗಿ ಮಾಡಿದ್ರ ಪೆಟ್ರೋಲ್ ಕಮ್ಮಿ, ಸಡಿಲ ಮಾಡಿದ್ರ ಹೆಚ್ಚು.

ಜಾತ್ರಿ ಹೊತ್ತಿನ ಉರಿ ಬಿಸಿಲಾಗ ಮಶೀನ್ ಗೊಳ್ ಗೊಳ್ ಅಂತಿತ್ತು. ನಾ ಎಚ್ ಬಿಗಿ ಮಾಡಿದೆ. ಚೀರೋ ದನಿ ಬಂತು, ಕಟಗಿ ಬೆಣ್ಣಿಹಾಂಗ ಕೊಯ್ತು. "ದನಿ ಭಾಳ ಸಣ್ಣ ಆಗ್ಯಾದಲ್ಲೋ" ಅಂದ ಅಪ್ಪ. ನಾ ಕೇಳಲಿಲ್ಲ.

ಎಳ್ಳಮಾಸಿ ಹಿಂದಿನ ಮುಂಜಾನಿ, ಭಜ್ಜಿ ಕುದಸಲಾಕ ಕಟಗಿ ಬೇಕಂತ ಅದೇ ಮಶೀನ್ ಚಾಲೂ ಮಾಡಿದೆ. ಹತ್ತು ನಿಮಿಷಕ್ಕ ಚೀರಿ ನಿಂತುಬಿಡ್ತು, ಹಗ್ಗ ಜಗ್ಗಿದ್ರ ಬರವಲ್ದು. ಬಿಚ್ಚಿ ನೋಡಿದ್ರ ಪಿಸ್ಟನ್ ತುಂಬ ಗೀರು.

ಕಾರಣ ಆಮ್ಯಾಲ ತಿಳೀತು. ಬಿಸಿ ಗಾಳಿ ಹಗುರ, ಥಂಡಿ ಗಾಳಿ ಒತ್ತು. ಬ್ಯಾಸಗಿಯಾಗ ಅಂಚಿನ ತನಕ ಬಿಗಿ ಮಾಡಿದ ಸ್ಕ್ರೂ, ಚಳಿಗಾಲದ ಒತ್ತು ಗಾಳಿಗಿ ಸಾಲಲಿಲ್ಲ. ಮ್ಯಾಲ ಟೂ-ಸ್ಟ್ರೋಕ್ ಎಂಜಿನ್ ನೋಡ್ರಿ, ಎಣ್ಣಿ ಪೆಟ್ರೋಲ್ ಕೂಡೇ ಬರ್ತದ. ಪೆಟ್ರೋಲ್ ಕಮ್ಮಿ ಅಂದ್ರ ಎಣ್ಣೀನೂ ಕಮ್ಮಿ, ಕಾವು ಹೆಚ್ಚು. ನಾ ಉಳಿಸಿದ್ದು ಪೆಟ್ರೋಲ್, ಸುಟ್ಟಿದ್ದು ಪಿಸ್ಟನ್.

ಆವತ್ತು ಅಪ್ಪ ಏನೂ ಅನ್ನಲಿಲ್ಲ. ಮೂಲ್ಯಾಗಿನ ಕೊಡ್ಲಿ ತೊಗೊಂಡು, ಸೋತ ರಟ್ಟಿಲೇ ಒಂದು ಒಲಿಗಿ ಆಗೋಷ್ಟು ಕಡದ. ಆ ಭಜ್ಜಿ ನನಗ ಗಂಟಲಾಗ ಇಳೀಲಿಲ್ಲ.

ಈಗ ಹಂಗಾಮಿಗೊಮ್ಮೆ ಹೊಂದಿಸ್ತೀನಿ. ಮೊದಲು ಗಾಳಿ ಫಿಲ್ಟರ್ ಸ್ವಚ್ಛ ಮಾಡಿ, ಮಶೀನ್ ಕಾಯಲಾಕ ಬಿಡ್ತೀನಿ. ಸುಮ್ನ ನಿಂತಾಗ ಸರಪಳಿ ತಿರುಗಬಾರದು. ತಿರುಗಿದ್ರ ಮೂರನೇ ಸ್ಕ್ರೂ ಸಡಿಲ ಮಾಡ್ತೀನಿ. ಎಚ್ ತುಸು ಸಡಿಲೇ ಇರ್ಲಿ: ಖಾಲಿ ಓಡುವಾಗ ಗೊಳ್ ಅನ್ಬೇಕು, ಕಟಗಿಗಿ ಹಚ್ಚಿದಾಗ ದನಿ ತಿಳಿಯಾಗ್ಬೇಕು. ಅಪ್ಪ ಕಟ್ಟಿ ಮ್ಯಾಲ ಕುಂತು ಕಿವಿ ಕೊಡ್ತಾನ. ಅವ "ಹ್ಞೂಂ" ಅಂದ ಮ್ಯಾಲೇ ನಾ ಕೊಯ್ಲಾಕ ಹೋಗೋದು.