ಫೀಡ್ ಮೂಟೆಯೊಳಗಿನ ಬಿಸಿಲು

1923. ಅಮೆರಿಕದ ಡೆಲವೇರ್. ಸೆಸಿಲ್ ಸ್ಟೀಲ್ ಎಂಬ ಗೃಹಿಣಿ 50 ಕೋಳಿಮರಿ ಕೇಳಿದ್ರು, ಬಂದದ್ದು 500! ವಾಪಸ್ ಕಳಿಸಲಿಲ್ಲ, ಮಾಂಸಕ್ಕೆಂದೇ ಸಾಕಿ ಮಾರಿದ್ರು. ಬ್ರಾಯ್ಲರ್ ಉದ್ಯಮದ ಕಥೆ ಇಲ್ಲಿಂದಲೇ ಶುರು ಅಂತಾರೆ.

ಆದ್ರೆ ಒಂದು ತೊಡಕಿತ್ತು. ಚಳಿಗಾಲದಲ್ಲಿ ಒಳಗೆ ಕೂಡಿಹಾಕಿದ ಮರಿಗಳ ಕಾಲು ಸೊಟ್ಟಗಾಗುತ್ತಿತ್ತು. ರಿಕೆಟ್ಸ್! ಮಕ್ಕಳಿಗೂ ಬರುವ ಅದೇ ಕಾಯಿಲೆ. ಬಿಸಿಲಿಲ್ಲದೆ ವಿಟಮಿನ್ ಡಿ ಇಲ್ಲ. ಅದಿಲ್ಲದೆ ತಿಂದ ಕ್ಯಾಲ್ಸಿಯಂ ಮೂಳೆಗೆ ದಕ್ಕೋದಿಲ್ಲ. 1922ರಲ್ಲಿ ವಿಜ್ಞಾನಿ ಎಲ್ಮರ್ ಮೆಕಾಲಮ್ ಈ ವಿಟಮಿನ್ನನ್ನು ಕಾಡ್ ಲಿವರ್ ಆಯಿಲ್‌ನಲ್ಲಿ ಗುರುತಿಸಿದ್ದರು. ಆ ಎಣ್ಣೆ ಕೋಳಿ ಫೀಡ್‌ಗೂ ಬಿತ್ತು. ಆಮೇಲೆ ಸಾವಿರಾರು ಕೋಳಿ ಒಂದೇ ಸೂರಿನಡಿ!

ಈಗ ಎಣ್ಣೆಯ ಬದಲು ಡಿ3. ಆರೇ ವಾರಕ್ಕೆ ಎರಡು ಕೆಜಿ ದಾಟುವ ಮೈ, ಹೊರಬೇಕಾದದ್ದು ಎಳೆ ಮೂಳೆ. ಬಿಸಿಲು ಕಿತ್ತುಕೊಂಡವರು ನಾವು. ಆ ಸಾಲವನ್ನು ಫೀಡ್‌ನಲ್ಲಾದ್ರೂ ತೀರಿಸಬೇಕಲ್ಲವೇ?