ಅಜ್ಜನ ಹ್ಯಾಟೂ ಮರದ ತಲೆಯೂ

‘ಟೋಪಿ ಹಾಕುವುದು’ ಎಂದರೆ ನಮ್ಮಲ್ಲಿ ಮೋಸ ಮಾಡುವುದೆಂದು ಅರ್ಥವಷ್ಟೆ. ಮರದ ತಲೆಯೊಂದಕ್ಕೆ ಟೋಪಿ ಹಾಕಲು ಹೊರಟು ನಾನು ಮೂರು ತಿಂಗಳು ಕಳೆದೆ. ಮೋಸ ಹೋದದ್ದು ಮರವೋ ನಾನೋ ಎಂಬುದು ನಮ್ಮ ಮನೆಯಲ್ಲಿ ಇನ್ನೂ ತೀರ್ಮಾನವಾಗಿಲ್ಲ.

ಇದಕ್ಕೆಲ್ಲ ಮೂಲ ನಮ್ಮಜ್ಜನ ಹ್ಯಾಟು. ಅಜ್ಜ ಚಿಕ್ಕಮಗಳೂರಿನ ಕಡೆಯ ಒಂದು ಕಾಫಿ ತೋಟದಲ್ಲಿ ರೈಟರಾಗಿದ್ದರು. ತೋಟದ ದೊರೆ ೧೯೩೬ರಲ್ಲಿ ಸ್ವದೇಶಕ್ಕೆ ಹೊರಟಾಗ ತನ್ನ ಕಂದುಬಣ್ಣದ ಫೆಲ್ಟ್ ಹ್ಯಾಟನ್ನು ಇವರಿಗೆ ಕೊಟ್ಟು ಹೋದನಂತೆ. ಅಜ್ಜ ಅದನ್ನು ತಲೆಗೇರಿಸಿದ್ದು ತೀರ ಅಪರೂಪ. ಮಳೆಗಾಲಕ್ಕೆ ಕಂಬಳಿಕೊಪ್ಪೆ, ಅಡಕೆ ಕೊಯ್ಲಿಗೆ ಹಾಳೆಟೋಪಿ ಇರುವಾಗ ಹ್ಯಾಟಿನ ಹಂಗೇಕೆ? ಅದು ಟ್ರಂಕಿನಲ್ಲಿ ನುಸಿಗುಳಿಗೆಗಳ ನಡುವೆ ಉಳಿಯಿತು. ಈಚೆಗೆ ತೆಗೆದು ನೋಡಿದರೆ ನೆತ್ತಿ ಕುಸಿದಿದೆ, ಅಂಚು ಸುಟ್ಟ ಹಪ್ಪಳದಂತೆ ಸೊಟ್ಟಗಾಗಿದೆ. ಇದನ್ನು ನೆಟ್ಟಗೆ ಮಾಡಿಯೇ ತೀರಬೇಕೆಂಬ ಹಟ ನನಗೆ ಹತ್ತಿತು.

ಹಾಳೆಟೋಪಿ ಮಾಡುವವರನ್ನು ನೀವು ನೋಡಿರಬಹುದು. ಅಡಕೆ ಹಾಳೆಯನ್ನು ನೀರಿನಲ್ಲಿ ನೆನೆಸಿ, ಮೆತ್ತಗಾದ ಮೇಲೆ ಮಡಿಸಿ ಹೊಲಿದರೆ ಆಯಿತು. ಅಳತೆಗೆ ಎದುರಿಗೆ ಕೂತವನ ತಲೆಯೇ ಸಾಕು. ಫೆಲ್ಟಿಗೆ ಮಾತ್ರ ಮರದ ತಲೆ ಬೇಕು. ಫೆಲ್ಟ್ ನೆಯ್ದ ಬಟ್ಟೆಯಲ್ಲ. ಉಣ್ಣೆಯ, ತುಪ್ಪಳದ ಎಳೆಗಳ ಮೈಮೇಲೆ ಕಣ್ಣಿಗೆ ಕಾಣದ ಪೊರೆಗಳಿರುತ್ತವೆ. ಬಿಸಿನೀರಿನಲ್ಲಿ ತಿಕ್ಕಿ ತಿಕ್ಕಿ ಒತ್ತಿದರೆ ಆ ಎಳೆಗಳು ಒಂದಕ್ಕೊಂದು ಸಿಕ್ಕಿಕೊಂಡು ಬಿಡಿಸಲಾರದಂತೆ ಬೆಸೆದುಕೊಳ್ಳುತ್ತವೆ. ಹೀಗೆ ಹುಟ್ಟಿದ ಗೊಪ್ಪೆಯನ್ನು ಹಬೆಗೆ ಹಿಡಿದರೆ ಮೆತ್ತಗಾಗುತ್ತದೆ. ಮೆತ್ತಗಿರುವಾಗಲೇ ಮರದ ಅಚ್ಚಿನ ಮೇಲೆಳೆದು, ನೆತ್ತಿಯ ಬುಡಕ್ಕೆ ದಾರ ಬಿಗಿದು ಆರಲು ಬಿಟ್ಟರೆ ಅಚ್ಚಿನ ಆಕಾರವೇ ಹ್ಯಾಟಿನ ಆಕಾರ. ಇಂಗ್ಲೆಂಡಿನ ಲೂಟನ್ನಿನಂಥ ಊರುಗಳಲ್ಲಿ ಈ ಅಚ್ಚು ಕೆತ್ತುವುದೇ ಒಂದು ಪ್ರತ್ಯೇಕ ಕಸುಬಾಗಿತ್ತು.

ನಾನು ಮೊದಲು ಅಚ್ಚು ಕೆತ್ತಿದ್ದು ಹಿತ್ತಲಲ್ಲಿ ಬಿದ್ದಿದ್ದ ಹಲಸಿನ ತುಂಡಿನಲ್ಲಿ. ಮನುಷ್ಯನ ತಲೆ ಗುಂಡಗಿರುವುದಿಲ್ಲ, ಮೊಟ್ಟೆಯಂತೆ ಉದ್ದವಾಗಿರುತ್ತದೆ ಎಂಬ ಸತ್ಯ ಆಗ ತಿಳಿಯಿತು. ರಟ್ಟಿನಲ್ಲಿ ಅಡ್ಡಕ್ಕೊಂದು ಉದ್ದಕ್ಕೊಂದು ಮಾದರಿ ಕತ್ತರಿಸಿಕೊಂಡು, ಉಳಿಯಿಂದ ಕೆತ್ತಿ, ಅರದಿಂದ ಉಜ್ಜಿ, ಉಪ್ಪುಕಾಗದದಿಂದ ನುಣುಪು ಮಾಡಿದೆ. ಅಜ್ಜನ ಹ್ಯಾಟಿಗೆ ಕೈಹಚ್ಚುವ ಮುನ್ನ ಕೈ ಪಳಗಲೆಂದು ತರಿಸಿದ್ದ ಹೊಸ ಬಿಳಿ ಫೆಲ್ಟನ್ನು ಇಡ್ಲಿ ಪಾತ್ರೆಯ ಹಬೆಗೆ ಹಿಡಿದು ಅದರ ಮೇಲೆಳೆದೆ. ಮಾರನೆಯ ದಿನ ನೋಡಿದರೆ ಹ್ಯಾಟು ಅರಿಸಿನ ಮೆತ್ತಿದ ಮದುಮಗನ ಹಾಗಿದೆ! ಹಲಸಿನ ಮರದಲ್ಲಿ ಹಳದಿ ಬಣ್ಣವಿರುವುದು ಹಳ್ಳಿಯ ಮಕ್ಕಳಿಗೂ ಗೊತ್ತು, ನನಗೆ ಮರೆತಿತ್ತು. ನಮ್ಮೂರ ಆಚಾರಿ ಬಂದು ನೋಡಿ, “ಒಂದು ಮಾತು ಕೇಳಬಾರದಿತ್ತಾ ಅಯ್ಯಾ?” ಎಂದು ನಕ್ಕು, ಚನ್ನಪಟ್ಟಣದ ಬೊಂಬೆಗಳಿಗೆ ಬಳಸುವಂಥ ಹಾಲೆಮರದ ತುಂಡೊಂದನ್ನು ತಂದುಕೊಟ್ಟ. ಮೃದು, ನಸುಬಿಳಿ, ಗುಂಡುಸೂಜಿ ಚುಚ್ಚಿದರೆ ಸಲೀಸಾಗಿ ಇಳಿಯುತ್ತದೆ. ಪಶ್ಚಿಮದವರು ಪಾಪ್ಲರ್, ಆಲ್ಡರ್ ಮರಗಳನ್ನು ಆರಿಸಿಕೊಂಡದ್ದೂ ಇಂಥ ಗುಣಗಳಿಗಾಗಿಯೇ.

“ಇವತ್ತು ಇಡ್ಲಿಯೋ ಹ್ಯಾಟೋ, ಮೊದಲೇ ಹೇಳಿಬಿಡಿ” ಎನ್ನುವುದು ನನ್ನಾಕೆಯ ಬೆಳಗಿನ ಪ್ರಶ್ನೆಯಾಯಿತು. ಎರಡನೆಯ ಫೆಲ್ಟು ಬೂದುಬಣ್ಣದ್ದು. ಅಚ್ಚಿನ ಮೇಲೆ ಅದು ಆರುತ್ತಿದ್ದ ದಿನಗಳಲ್ಲಿ ನಾನು ಹ್ಯಾಟಿನ ಚರಿತ್ರೆ ಓದತೊಡಗಿದೆ. ಓದದಿದ್ದರೆ ಅಜ್ಜನ ಹ್ಯಾಟನ್ನೂ ಅದೇ ಇಡ್ಲಿ ಪಾತ್ರೆಯ ಮೇಲೆ ಹಿಡಿಯುತ್ತಿದ್ದೆ.

ಹಿಂದೆ ಯೂರೋಪಿನ ಉತ್ತಮ ಹ್ಯಾಟುಗಳೆಲ್ಲ ಬೀವರ್ ಎಂಬ ಪ್ರಾಣಿಯ ತುಪ್ಪಳದವು. ಆ ತುಪ್ಪಳಕ್ಕಾಗಿಯೇ ಉತ್ತರ ಅಮೆರಿಕದ ಕಾಡುಹೊಳೆಗಳನ್ನು ಜಾಲಾಡಿದರು. ೧೬೭೦ರಲ್ಲಿ ಸನ್ನದು ಪಡೆದ ಹಡ್ಸನ್ಸ್ ಬೇ ಕಂಪನಿ ಬೆಳೆದದ್ದು ಈ ವ್ಯಾಪಾರದಿಂದ. ಅಮೆರಿಕದ ವಸಾಹತುಗಾರರು ತಾವೇ ಹ್ಯಾಟು ಮಾಡಿ ಮಾರತೊಡಗಿದಾಗ ಬ್ರಿಟಿಷ್ ಪಾರ್ಲಿಮೆಂಟು ೧೭೩೨ರಲ್ಲಿ ಕಾನೂನು ಮಾಡಿ ಅವರ ರಫ್ತನ್ನು ನಿಷೇಧಿಸಿತು. ಕಚ್ಚಾ ಮಾಲು ನಿಮ್ಮದು, ಸಿದ್ಧ ಮಾಲು ನಮ್ಮದು ಎಂಬ ಆ ನ್ಯಾಯ ನಮಗೇನೂ ಅಪರಿಚಿತವಲ್ಲ. ೧೮೪೯ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಬೌಲರ್ ಎಂಬ ಗಟ್ಟಿ ಹ್ಯಾಟಿಗೆ ಬಿಗಿ ಬಂದದ್ದೂ ಅರಗಿನಿಂದ. ಆ ಅರಗನ್ನು ಜಗತ್ತಿಗೆ ಒದಗಿಸುತ್ತಿದ್ದುದು ಹೆಚ್ಚಾಗಿ ನಮ್ಮ ದೇಶದ ಕಾಡುಗಳೇ.

ಬೀವರ್ ತುಟ್ಟಿಯಾದಂತೆ ಮೊಲದ ತುಪ್ಪಳಕ್ಕೆ ಬೇಡಿಕೆ ಬಂತು. ಆದರೆ ಮೊಲದ ಕೂದಲು ನುಣುಪು, ಸುಲಭವಾಗಿ ಸಿಕ್ಕಿಕೊಳ್ಳದು. ಅದಕ್ಕೊಂದು ಉಪಾಯ ಕಂಡುಕೊಂಡರು. ಪಾದರಸವನ್ನು ನೈಟ್ರಿಕ್ ಆಮ್ಲದಲ್ಲಿ ಕರಗಿಸಿ ತೊಗಲಿಗೆ ಬಳಿದರೆ ಕೂದಲು ಒರಟಾಗಿ ಚೆನ್ನಾಗಿ ಬೆಸೆದುಕೊಳ್ಳುತ್ತದೆ. ಒಣಗುವಾಗ ಕೂದಲ ತುದಿ ಗಜ್ಜರಿಯ ಬಣ್ಣ ತಳೆಯುತ್ತಿದ್ದುದರಿಂದ ಇಂಗ್ಲಿಷಿನಲ್ಲಿ ಆ ಕ್ರಿಯೆಗೆ ಗಜ್ಜರಿಯ ಹೆಸರೇ ನಿಂತಿತು. ಪಾದರಸ ಅಲ್ಲಿಗೇ ನಿಲ್ಲಲಿಲ್ಲ. ಬಿಸಿನೀರಿನ ತೊಟ್ಟಿಯಲ್ಲಿ ಎದ್ದಿತು, ಒಣಗಿಸುವ ಕೋಣೆಯಲ್ಲಿ ಎದ್ದಿತು, ಮರದ ಅಚ್ಚಿನ ಮೇಲೆ ಫೆಲ್ಟನ್ನು ಹಬೆಗೆ ಹಿಡಿದು ಎಳೆಯುವಾಗಲೂ ಎದ್ದಿತು. ಬಗ್ಗಿ ನಿಂತು ಎಳೆಯುವವನ ಮುಖದ ಕೆಳಗೇ ಆ ಹಬೆ.

ಕೆಲಸಗಾರರ ಕೈ ನಡುಗತೊಡಗುತ್ತಿತ್ತು. ಒಸಡು ಬಾತು ಹಲ್ಲು ಸಡಿಲವಾಗುತ್ತಿತ್ತು. ಅಪರಿಚಿತರ ಎದುರಿಗೆ ವಿಪರೀತ ಸಂಕೋಚ, ಸಣ್ಣ ಮಾತಿಗೂ ಸಿಡುಕು. ಹ್ಯಾಟಿನ ಊರೆಂದೇ ಹೆಸರಾದ ಅಮೆರಿಕದ ಡ್ಯಾನ್‌ಬರಿಯಲ್ಲಿ ಇದಕ್ಕೆ ‘ಡ್ಯಾನ್‌ಬರಿ ನಡುಕ’ ಎಂದೇ ಕರೆದರು. ಲೂಯಿಸ್ ಕ್ಯಾರೊಲ್ ೧೮೬೫ರಲ್ಲಿ ಸೃಷ್ಟಿಸಿದ, ‘ಆಲಿಸ್’ ಕಥೆಯ ಹ್ಯಾಟುಗಾರನನ್ನು ಇದೇ ರೋಗಕ್ಕೆ ಸಾಕ್ಷಿಯಾಗಿ ತೋರಿಸುವವರಿದ್ದಾರೆ. ನನಗದು ಒಪ್ಪಿಗೆಯಾಗದು. ಆತ ಮಹಾ ವಾಚಾಳಿ, ಪಾದರಸದ ರೋಗಿಯಾದರೋ ಮುಖ ತೋರಿಸಲೂ ಹಿಂಜರಿಯುವವನು.

ಇದು ಯಾರಿಗೂ ತಿಳಿಯದ ಗುಟ್ಟಾಗಿತ್ತೇ ಎಂದರೆ ಇಲ್ಲ. ನ್ಯೂಜೆರ್ಸಿಯ ವೈದ್ಯ ಜೆ. ಅಡಿಸನ್ ಫ್ರೀಮನ್ ಅಲ್ಲಿಯ ಹ್ಯಾಟು ಕೆಲಸಗಾರರ ಪಾದರಸ ರೋಗವನ್ನು ೧೮೬೦ರಲ್ಲೇ ವಿವರವಾಗಿ ಬರೆದಿಟ್ಟ. ಡ್ಯಾನ್‌ಬರಿ ಇರುವ ಕನೆಕ್ಟಿಕಟ್ ರಾಜ್ಯದಲ್ಲಿ ಹ್ಯಾಟಿಗೆ ಪಾದರಸ ಬಳಸುವುದು ನಿಂತದ್ದು ೧೯೪೧ರ ಡಿಸೆಂಬರ್ ೧ರಂದು. ನಡುವೆ ಎಂಬತ್ತೊಂದು ವರ್ಷ! ಆ ಹೊತ್ತಿಗೆ ಬೇರೆ ರಾಸಾಯನಿಕಗಳು ದೊರೆತಿದ್ದವು, ನಿಜ. ಆದರೆ ಅದು ಯುದ್ಧಕಾಲ, ಸಿಡಿಗುಂಡುಗಳ ಕಿಡಿಮದ್ದಿಗೂ ಪಾದರಸ ಬೇಕಾಗಿತ್ತು. ಕೆಲಸಗಾರನ ಕೈನಡುಕ ತೂಗಿತೋ ಮದ್ದುಗುಂಡು ತೂಗಿತೋ ಎಂಬ ಅನುಮಾನ ನನ್ನನ್ನು ಬಿಟ್ಟಿಲ್ಲ. ಕಾರ್ಖಾನೆಗಳು ಮುಚ್ಚಿ ಎಷ್ಟೋ ಕಾಲವಾದ ಮೇಲೂ ಡ್ಯಾನ್‌ಬರಿಯ ಸ್ಟಿಲ್ ನದಿಯ ಕೆಸರಿನಲ್ಲಿ ಸಂಶೋಧಕರಿಗೆ ಆ ಪಾದರಸ ಸಿಕ್ಕಿದೆ.

ಹಳೆಯ ಹ್ಯಾಟುಗಳಲ್ಲೂ ಅದು ಉಳಿದಿರುತ್ತದೆ, ವಸ್ತುಸಂಗ್ರಹಾಲಯಗಳಲ್ಲಿ ಅವನ್ನು ಕೈಗವಸು ಹಾಕಿಕೊಂಡೇ ಮುಟ್ಟುತ್ತಾರೆ ಎಂದು ಓದಿದ ದಿನ ನಾನು ಪುಸ್ತಕ ಮುಚ್ಚಿ ಅಡುಗೆಮನೆಗೆ ಹೋದೆ. ಅಂದು ಬೆಳಗ್ಗೆಯೇ ಅಜ್ಜನ ಹ್ಯಾಟನ್ನು ಒಲೆಯ ಪಕ್ಕದ ಕಟ್ಟೆಯ ಮೇಲೆ ಇಟ್ಟಿದ್ದೆ. ಪಕ್ಕದಲ್ಲಿ ದಾರದುಂಡೆ, ಇಡ್ಲಿ ಪಾತ್ರೆ. ಮೊಮ್ಮಗಳು ಅದನ್ನು ಎತ್ತಿ ತಲೆಗಿಟ್ಟುಕೊಳ್ಳುವುದರಲ್ಲಿದ್ದಳು. ಕಸಿದುಕೊಂಡಾಗ ಅತ್ತಳು. ಒಳಗಿನ ಚರ್ಮದ ಪಟ್ಟಿಯಲ್ಲಿ ಮಾಡಿದವರ ಹೆಸರಿದೆಯೇ ಎಂದು ನೋಡಿದೆ. ಅಕ್ಷರಗಳು ಬೆವರಿಗೆ ಅಳಿಸಿಹೋಗಿವೆ, ದೊರೆಯ ಬೆವರೋ ಅಜ್ಜನದೋ. ೧೯೩೬ಕ್ಕೂ ಮೊದಲು ಯಾವನೋ ಒಬ್ಬ ಅದನ್ನು ಹಬೆಗೆ ಹಿಡಿದು ಮರದ ತಲೆಯ ಮೇಲೆ ಎಳೆದು ದಾರ ಬಿಗಿದಿದ್ದಾನೆ. ಗಂಟು ಹಾಕುವಾಗ ಅವನ ಬೆರಳು ನೆಟ್ಟಗಿತ್ತೋ ಇಲ್ಲವೋ.

“ಅದು ಸೊಟ್ಟಗೇ ಇರಲಿ ಬಿಡಿ” ಎಂದಳು ನನ್ನಾಕೆ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಡಬ್ಬದಲ್ಲಿಟ್ಟು, ಮೇಲೆ ಚೀಟಿ ಅಂಟಿಸಿ ಅಟ್ಟಕ್ಕೇರಿಸಿದೆವು. ಹಾಲೆಮರದ ತಲೆಯ ಮೇಲೆ ಈಗ ನನ್ನ ಬೂದು ಹ್ಯಾಟು ಕೂತಿದೆ. ಎಡಗಡೆಯ ಅಂಚು ಕೊಂಚ ಎದ್ದುಕೊಂಡಿದೆ, ಇನ್ನೊಮ್ಮೆ ಹಬೆಗೆ ಹಿಡಿಯಬೇಕು. ಅದಕ್ಕೆಂದು ಈಗ ಬೇರೆ ಪಾತ್ರೆ ತಂದಿದ್ದೇನೆ.